ಮಲಗಿಸುವ ಹೊಣೆ

ಸಾವಿನ ವಿಷಯದಲ್ಲಿ ನಮ್ಮ ಭಾಷೆ ಬಡವಾದುದೇನಲ್ಲ. ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ಮುಡಿಪಿದರು, ಹೀಗೆ ಅವರವರ ಮತಕ್ಕೂ ಮರ್ಯಾದೆಗೂ ತಕ್ಕ ಮಾತುಗಳು ನಮ್ಮಲ್ಲಿವೆ. ತಾನಾಗಿ ಬಯಸಿ ಬರಮಾಡಿಕೊಂಡ ಸಾವಿಗೂ ಹೆಸರುಗಳ ಕೊರತೆಯಿಲ್ಲ. ಭೀಷ್ಮನದು ಇಚ್ಛಾಮರಣ. ಅನ್ನೋದಕಗಳನ್ನು ತೊರೆದು ಕುಳಿತವರದು ಪ್ರಾಯೋಪವೇಶ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ಯಾರ ಹೆಸರುಗಳು ಇಂದಿಗೂ ಓದಲು ಸಿಕ್ಕುತ್ತವೆಯೋ ಆ ಮುನಿಗಳದೂ ಕಂತಿಯರದೂ ಸಲ್ಲೇಖನ. ಈ ಮಾತುಗಳಿಗೆಲ್ಲ ಒಂದು ಸಮಾನ ಲಕ್ಷಣವುಂಟು: ಸಾಯುವವನೇ ಅಲ್ಲಿ ನಿರ್ಧಾರದ ಕರ್ತೃ. ತನ್ನ ಸಾವನ್ನು ಬೇಕೆಂದು ಕೇಳಲಾರದ, ಬೇಡವೆಂದು ಹೇಳಲೂ ಬಾರದ ಮೂಕಜೀವಿಯೊಂದರ ಪರವಾಗಿ ಮತ್ತೊಬ್ಬರು ನಿಶ್ಚಯಿಸುವ ಸಾವಿಗೆ ಮಾತ್ರ ನಮ್ಮ ಪೂರ್ವಿಕರು ಹೆಸರಿಟ್ಟು ಹೋದಂತೆ ಕಾಣುವುದಿಲ್ಲ.

‘ದಯಾಮರಣ’ ಎಂಬುದು ಈಚಿನ ಕಾಲದ ಸೃಷ್ಟಿ. ಒಳ್ಳೆಯ ಸಾವು ಎಂಬ ಅರ್ಥದ ಗ್ರೀಕ್ ಪದವೊಂದು ‘ಯುಥನೇಸಿಯ’ ಎಂಬ ರೂಪದಲ್ಲಿ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದಾಗ ಅದಕ್ಕೆ ನಾವು ಹೊಲಿಸಿದ ಅಂಗಿ ಇದು. ಈ ಸಮಾಸದಲ್ಲಿ ದಯೆಯಿದೆ, ಮರಣವಿದೆ; ದಯೆ ತೋರಿದವರು ಯಾರು, ಮರಣವನ್ನು ತಂದವರು ಯಾರು ಎಂಬುದಿಲ್ಲ. ಮನೆಮಾತಿನಲ್ಲಿ ಜನ ಇನ್ನೂ ಮೃದುವಾಗಿ ‘ಮಲಗಿಸಿಬಿಟ್ಟರಂತೆ’ ಎನ್ನುತ್ತಾರೆ. ತರಗತಿಯಲ್ಲಿ ವ್ಯಾಕರಣ ಹೇಳುವಾಗ ನಾವು ‘ಮಲಗು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯವನ್ನು ಹತ್ತಿಸಿ ‘ಮಲಗಿಸು’ ಎಂಬ ಪ್ರೇರಣಾರ್ಥಕ ರೂಪವನ್ನು ಸಾಧಿಸುತ್ತೇವೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಕಳೆದ ವರ್ಷ ನಮ್ಮ ಮನೆಯ ನಾಯಿಯ ವಿಷಯದಲ್ಲಿ ಆ ಎರಡಕ್ಷರದ ಭಾರವೆಷ್ಟೆಂಬುದನ್ನು ತೂಗಿ ನೋಡುವ ಪ್ರಸಂಗ ನನಗೆ ಬಂದಿತು. ನಾಯಿ ಸಾಕಿದ ಅನೇಕರಿಗೆ ಇಂದಲ್ಲ ನಾಳೆ ಇದು ಬರುವಂಥದೇ. ಆದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಕನ್ನಡ ನಾಡು ನಾಯಿಯನ್ನು ಗೌರವಿಸದ ನಾಡಲ್ಲ. ಆತಕೂರಿನ ಶಾಸನವನ್ನು ಹಳಗನ್ನಡದ ವಿದ್ಯಾರ್ಥಿಗಳೆಲ್ಲ ಬಲ್ಲರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಹೊನ್ನನ್ನೂ ಬೇಡದೆ ಊರನ್ನೂ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ನಾಯಿ ಹಂದಿ ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದತ್ತಿಯಾಯಿತು, ಆ ಕಲ್ಲಿಗೆ ಪೂಜೆ ಸಲ್ಲಬೇಕೆಂಬ ಕಟ್ಟಳೆಯೂ ಆಯಿತು. ಇದು ನಡೆದು ಸಾವಿರ ವರ್ಷಗಳ ಮೇಲಾಯಿತು. ಶಾಸನದ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦. ನಮ್ಮ ಕಾಲಕ್ಕೆ ಬಂದರೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಾರೂ ನಾಯಿಗುತ್ತಿಯ ಹುಲಿಯನನ್ನು ಮರೆಯಲಾರರು. ಆ ಹುಲಿಯ ತುಂಗೆಯ ಪ್ರವಾಹದ ಪಾಲಾಗುತ್ತದೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಕಾಳಿಗೆ ಸಾವು ಹಂದಿಯಿಂದ ಬಂದಿತು, ಹುಲಿಯನಿಗೆ ಹೊಳೆಯಿಂದ ಬಂದಿತು. ಅವುಗಳ ಒಡೆಯರ ಪಾಲಿಗೆ ಉಳಿದದ್ದು ದುಃಖ, ನಿರ್ಧಾರವಲ್ಲ.

ಹಿಂದಿನ ಕಾಲದಲ್ಲಿ ನಾಯಿಗೆ ಮುಪ್ಪು ಬರುತ್ತಿದ್ದುದೇ ಅಪರೂಪ. ಮಲೆನಾಡಿನಲ್ಲಿ ಚಿರತೆ ಒಯ್ಯುತ್ತಿತ್ತು. ಬಯಲಿನಲ್ಲಿ ಹುಚ್ಚೋ ಹಾವೋ ಡಿಸ್ಟೆಂಪರ್ ರೋಗವೋ ಮುಗಿಸುತ್ತಿತ್ತು. ಮರಿಗಳನ್ನು ಸಾಲುಸಾಲಾಗಿ ಕೊಲ್ಲುವ ಪಾರ್ವೊ ರೋಗ ೧೯೭೮ರ ಸುಮಾರಿಗೆ ಲೋಕದಲ್ಲಿ ಕಾಣಿಸಿಕೊಂಡಿತು. ಅದಕ್ಕೂ ಬೇಗನೆ ಲಸಿಕೆ ಬಂದಿತು. ಇಂದು ಲಸಿಕೆ ಹಾಕಿಸಿ, ಹೊತ್ತಿಗೆ ಸರಿಯಾಗಿ ಅನ್ನವಿಕ್ಕಿ, ಗೇಟಿನೊಳಗೆ ಸಾಕಿದ ನಾಯಿ ಹನ್ನೆರಡು ಹದಿನಾಲ್ಕು ವರ್ಷ ಬದುಕುವುದು ಸಾಮಾನ್ಯ. ಆಗ ಮನುಷ್ಯರ ಮುಪ್ಪಿನ ರೋಗಗಳೆಲ್ಲ ಅದಕ್ಕೂ ಬರುತ್ತವೆ: ಗಂಟುನೋವು, ಕಣ್ಣಿನ ಪೊರೆ, ಹೃದಯದ ದೌರ್ಬಲ್ಯ, ವ್ರಣ. ನಾಯಿಯ ಈ ವೃದ್ಧಾಪ್ಯ ಬಹುಮಟ್ಟಿಗೆ ನಮ್ಮ ಆರೈಕೆಯ ಫಲ. ಆದ್ದರಿಂದಲೇ ಅದರ ಕೊನೆಯ ಪ್ರಶ್ನೆಯೂ ನಮ್ಮ ಅಂಗಳಕ್ಕೆ ಬಂದು ನಿಂತಿದೆ.

ನಮ್ಮ ಗುಂಡ ಜಾತಿಯ ನಾಯಿಯಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಶಿವಮೊಗ್ಗೆಯ ಆಷಾಢದ ಮಳೆಯಲ್ಲಿ, ಕಾಲೇಜಿನ ಹಿಂಬಾಗಿಲ ಬಳಿ ನೆನೆಯುತ್ತ ಕುಳಿತಿದ್ದ ಮರಿ. ಆಗ ನನ್ನ ಮಗಳಿಗೆ ಮೂರು ವರ್ಷ. ಅವರಿಬ್ಬರೂ ಒಂದೇ ಜಗುಲಿಯಲ್ಲಿ ಬೆಳೆದರು; ಅವಳು ಪಿ.ಯು.ಸಿ. ತಲಪುವ ವೇಳೆಗೆ ಗುಂಡ ಮುದುಕನಾಗಿದ್ದ. ಕಳೆದ ವರ್ಷ ಬೇಸಗೆಯಲ್ಲಿ ಅವನು ನೀರನ್ನು ಅತಿಯಾಗಿ ಕುಡಿಯತೊಡಗಿದ. ಸೆಕೆಯಿರಬಹುದೆಂದು ಮನೆಯಲ್ಲಿ ಮಾತಾಯಿತು. ತೂಕ ಇಳಿಯಿತು, ವಾಂತಿಯಾಯಿತು, ಬಾಯಿಯಿಂದ ಒಂದು ಬಗೆಯ ಘಾಟು ಬರತೊಡಗಿತು. ಪಶುವೈದ್ಯರು ರಕ್ತ ಪರೀಕ್ಷಿಸಿ ಮೂತ್ರಪಿಂಡಗಳು ಸೋತಿವೆ ಎಂದರು. ಮುಕ್ಕಾಲು ಪಾಲು ಶಕ್ತಿ ನಶಿಸುವತನಕ ಆ ಅಂಗಗಳು ಸದ್ದಿಲ್ಲದೆ ದುಡಿಯುತ್ತವಂತೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ಕಾಣುವ ಹೊತ್ತಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ. ಚರ್ಮದಡಿಗೆ ದ್ರವ ಹಾಯಿಸಿ, ವಾಂತಿಗೆ ಮದ್ದು ಕೊಟ್ಟು, ಆಹಾರ ಬದಲಿಸಿ ಕೆಲವು ಕಾಲ ನೆಮ್ಮದಿಯಾಗಿ ಇರಿಸಬಹುದು, ಗುಣಪಡಿಸಲಾಗದು. ಹಾಗೆಯೇ ಮಾಡಿದೆವು. ಮಳೆಗಾಲ ಕಳೆಯಿತು. ದಸರೆಯ ರಜೆಯಲ್ಲಿ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ‘ಇನ್ನು ನೀವು ಯೋಚಿಸಬೇಕು’ ಎಂದಷ್ಟೇ ಹೇಳಿದರು. ಯಾವುದನ್ನು ಎಂದು ಕೇಳುವ ಅಗತ್ಯವಿರಲಿಲ್ಲ.

ನಮ್ಮ ತಾಯಿಗೆ ಎಪ್ಪತ್ತೆಂಟು ವರ್ಷ. ಅವರು ಮೊದಲ ಮಾತಿಗೇ ಬೇಡವೆಂದರು. ‘ಕೊಡಲಾರದ ಜೀವವನ್ನು ತೆಗೆಯುವುದಕ್ಕೆ ನಾವು ಯಾರು? ಅದರ ಋಣ ಇರುವಷ್ಟು ದಿನ ಇರಲಿ, ತಾನಾಗಿ ಹೋಗಲಿ.’ ಮುದುಕಿಯ ಮೂಢಭಕ್ತಿಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳುವ ಅಧಿಕಾರ ನನಗಿರಲಿಲ್ಲ. ನಮ್ಮ ತಂದೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಮಲಗಿದ್ದಾಗ ಅವರನ್ನು ಹೊರಳಿಸಿ, ಒರೆಸಿ, ಉಣ್ಣಿಸಿದವರು ಅವರು. ನೋಡಿಕೊಳ್ಳುವುದು ಎಂದರೇನೆಂಬುದನ್ನು ಪುಸ್ತಕದಿಂದ ಕಲಿತವರಲ್ಲ. ಮಗಳು ಮಾತ್ರ ಎದುರು ವಾದಿಸಿದಳು: ‘ಅಜ್ಜಿ, ದಿನಾ ದೀಪ ಹಚ್ಚಿ ನೀವು ಬೇಡಿಕೊಳ್ಳುವುದು ಅನಾಯಾಸವಾದ ಮರಣವನ್ನೇ ಅಲ್ಲವೆ?’ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಡುವುದು ದೇವರನ್ನು, ಡಾಕ್ಟರನ್ನಲ್ಲ’ ಎಂದರು. ಈ ಮಾತಿಗೆ ಸಮನಾದ ಉತ್ತರ ನನ್ನ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಆದರೆ ತಾಯಿಯ ಮೊದಲ ಪ್ರಶ್ನೆಯನ್ನು ಅವರಿಗಿಂತ ಮುಂಚೆ ಎದುರಿಸಿದವರು ಇದ್ದಾರೆ. ೧೯೨೮ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಅಂಗ ಊನವಾಗಿ ನರಳುತ್ತ ಬಿದ್ದಿತ್ತು. ಮಗ್ಗುಲು ಬದಲಿಸಿದರೂ ಅದಕ್ಕೆ ಯಾತನೆ. ಉಳಿಯುವ ಆಸೆಯಿಲ್ಲವೆಂದು ಕಂಡಮೇಲೆ ಗಾಂಧೀಜಿ ಆಶ್ರಮವಾಸಿಗಳೊಡನೆ ಚರ್ಚಿಸಿ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಅದರ ಪ್ರಾಣವನ್ನು ಬಿಡಿಸಿದರು. ಅಹಿಂಸೆಯ ಆಚಾರ್ಯನೇ ಗೋವತ್ಸವನ್ನು ಕೊಲ್ಲಿಸಿದನೆಂದು ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಸೃಷ್ಟಿಸಲಾರದ ಪ್ರಾಣವನ್ನು ತೆಗೆಯಬಾರದೆಂಬ ವಾದ ಆಶ್ರಮದೊಳಗೇ ಬಂದಿತ್ತು. ಸ್ವಾರ್ಥಕ್ಕಾಗಿ ಪ್ರಾಣ ತೆಗೆಯುವಾಗ ಆ ವಾದಕ್ಕೆ ಬೆಲೆಯುಂಟು, ಇಲ್ಲಿ ಸ್ವಾರ್ಥದ ಲೇಶವೂ ಇಲ್ಲವಾದ್ದರಿಂದ ಅದು ಹೊಂದದು ಎಂಬುದು ಗಾಂಧೀಜಿಯ ನಿಲುವಾಗಿತ್ತು. ಗಾಂಧೀಜಿ ಮಾಡಿದರೆಂಬ ಕಾರಣಕ್ಕೆ ಅದು ಸರಿಯಾಗಬೇಕಾಗಿಲ್ಲ. ಆದರೆ ಅವರು ಪ್ರಶ್ನೆಯ ಜಾಗವನ್ನು ಬದಲಿಸಿದರು. ‘ಕೊಲ್ಲಬಹುದೆ?’ ಎಂಬುದರ ಬದಲು ‘ಯಾರ ಹಿತಕ್ಕಾಗಿ?’ ಎಂದು ಕೇಳಲು ಅವರು ಕಲಿಸಿದರು.

ಇದೇ ಪ್ರಶ್ನೆಯನ್ನು ಹಿಡಿದು ಮಹಾಪ್ರಸ್ಥಾನಕ್ಕೆ ಹೋದರೆ ಧರ್ಮರಾಯನ ನಾಯಿ ಬೇರೊಂದು ಬೆಳಕಿನಲ್ಲಿ ಕಾಣಿಸುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಆ ನಾಯಿ ಅವನ ಕಾವ್ಯದಲ್ಲಿಲ್ಲ; ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಕಥೆಯನ್ನಂತೂ ಎಲ್ಲರೂ ಬಲ್ಲರು. ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು. ಕೊನೆಗೆ ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಎಂದಾಗ ಯುಧಿಷ್ಠಿರ ಒಪ್ಪಲಿಲ್ಲ. ನಾಯಿಯನ್ನು ಮಲಗಿಸಬಾರದೆನ್ನುವವರು ಈ ಕಥೆಯನ್ನು ಉದಾಹರಿಸುವುದುಂಟು. ನನಗೆ ಹಾಗೆನ್ನಿಸುವುದಿಲ್ಲ. ಯುಧಿಷ್ಠಿರ ನಿರಾಕರಿಸಿದ್ದು ನಾಯಿಯ ಸಾವನ್ನಲ್ಲ. ತನ್ನ ಸುಖಕ್ಕಾಗಿ ಅದನ್ನು ತೊರೆಯುವುದನ್ನು. ತನಗೆ ಸ್ವರ್ಗ, ನಂಬಿ ಬಂದದ್ದಕ್ಕೆ ಹಿಮ ಎಂಬ ಲೆಕ್ಕವನ್ನು ಆತ ಒಪ್ಪಲಿಲ್ಲ.

ಈ ಲೆಕ್ಕ ಎರಡೂ ಕಡೆಗೆ ನಡೆಯುತ್ತದೆಂಬುದನ್ನು ನಾವು ಮರೆಯುತ್ತೇವೆ. ವರ್ಗವಾಯಿತೆಂದು, ಹೊಸ ಮನೆಯಲ್ಲಿ ನಾಯಿಗೆ ಜಾಗವಿಲ್ಲವೆಂದು, ಆರೋಗ್ಯವಾಗಿರುವ ನಾಯಿಯನ್ನು ಮುಗಿಸಲು ಕೇಳುವವರಿದ್ದಾರೆ. ಇದು ಸ್ವಾರ್ಥವೆಂದು ಯಾರಾದರೂ ಹೇಳಿಯಾರು. ‘ನನ್ನ ಕೈಯಿಂದ ಕೊಲ್ಲಲಾರೆ’ ಎಂದು ಮುದಿ ನಾಯಿಯನ್ನು ರಾತ್ರಿ ಹೊತ್ತು ಹೆದ್ದಾರಿಯ ಬದಿಯಲ್ಲಿ ಇಳಿಸಿ ಬರುವವರಿದ್ದಾರೆ. ತಮ್ಮ ಕೈ ಶುದ್ಧವಾಗಿ ಉಳಿಯಿತೆಂದು ಅವರ ನಂಬಿಕೆ. ಇದೂ ಸ್ವಾರ್ಥವೇ. ಆದರೆ ನಾಯಿಯನ್ನು ಅಗಲಿರಲಾರೆನೆಂಬ ಒಂದೇ ಕಾರಣಕ್ಕೆ ಅದನ್ನು ನೋವಿನಲ್ಲಿ ಉಳಿಸಿಕೊಳ್ಳುವುದು? ಅದಕ್ಕೆ ನಾವು ಪ್ರೀತಿಯೆನ್ನುತ್ತೇವೆ; ಪ್ರೀತಿ ಅದರಲ್ಲಿ ಇದ್ದೂ ಇರುತ್ತದೆ. ಆದರೂ ಅಲ್ಲಿ ಸ್ವರ್ಗ ನಮಗೆ, ಹಿಮ ಅದಕ್ಕೆ. ಹಣದ ಮಾತನ್ನೂ ಇಲ್ಲಿ ಮುಚ್ಚಿಡಬಾರದು. ವಾರಕ್ಕೆರಡು ಬಾರಿ ದ್ರವ ಹಾಯಿಸುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಆ ಶಕ್ತಿಯಿಲ್ಲದವನು ನರಳುವ ನಾಯಿಯನ್ನು ವೈದ್ಯರ ಬಳಿಗೆ ಕೊನೆಯ ಸಲ ಹೊತ್ತು ತಂದರೆ ಅವನ ಪ್ರೀತಿ ನಮ್ಮದಕ್ಕಿಂತ ಕಡಮೆಯೆಂದು ಎಣಿಸುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಕಾನೂನು ಕೂಡ ಈ ದಿಕ್ಕಿನಲ್ಲಿ ಯೋಚಿಸಿದೆ. ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದಿದೆ ಎಂಬುದನ್ನು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಒಪ್ಪಿಕೊಂಡಿದೆ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆಂದು ೨೦೦೧ರಲ್ಲಿ ಹೊರಡಿಸಿದ್ದ ನಿಯಮಗಳು, ಗುಣವಾಗದ ರೋಗದ ನಾಯಿಗೆ ನೋವಿಲ್ಲದ ಸಾವನ್ನು ಕೊಡಬಹುದೆಂದು ಹೇಳಿ, ಅದನ್ನು ಮತ್ತೊಂದು ನಾಯಿಯ ಎದುರಿನಲ್ಲಿ ಮಾಡಕೂಡದೆಂದು ವಿಧಿಸಿದ್ದವು. ೨೦೨೩ರಲ್ಲಿ ಆ ನಿಯಮಗಳ ಸ್ಥಾನಕ್ಕೆ ಹೊಸವು ಬಂದಿವೆ. ಸರಕಾರದ ಒಣ ಭಾಷೆಯ ನಡುವೆ ಅಂಥದೊಂದು ವಿಧಿ ಇತ್ತೆಂಬುದು ನನಗೆ ಇಂದಿಗೂ ಹಿತವಾಗಿ ತೋರುತ್ತದೆ.

ಯಾರ ಹಿತ ಎಂಬ ಪ್ರಶ್ನೆ ಸ್ಪಷ್ಟವಾದರೂ, ನಾಯಿಯ ಹಿತವನ್ನು ತಿಳಿಯುವುದು ಹೇಗೆ? ಅದು ಹೇಳುವುದಿಲ್ಲ. ಹೇಳದಿರುವುದು ಮಾತ್ರವಲ್ಲ, ನೋವನ್ನು ಅಡಗಿಸುವುದು ಅದರ ಹುಟ್ಟುಗುಣ. ಇಲ್ಲಿ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಮನುಷ್ಯನಿಗೆ ಭವಿಷ್ಯತ್ಕಾಲವುಂಟು. ಮಗಳ ಮದುವೆಯೊಂದನ್ನು ಕಂಡು ಕಣ್ಮುಚ್ಚುತ್ತೇನೆಂದು ಅವನು ಆರು ತಿಂಗಳ ಯಾತನೆಯನ್ನು ನುಂಗಬಲ್ಲ. ಆ ಯಾತನೆಗೆ ಒಂದು ಅರ್ಥವನ್ನೂ ಕೊಟ್ಟುಕೊಳ್ಳಬಲ್ಲ. ನಾಯಿಗೆ ಇರುವುದು ವರ್ತಮಾನ. ಮುಂದಿನ ಯುಗಾದಿಯ ಆಸೆ ಅದರ ಇಂದಿನ ನೋವನ್ನು ಹಗುರ ಮಾಡಲಾರದು. ಹಾಗೆಂದಮೇಲೆ ಅದರ ಪರವಾಗಿ ಎಣಿಸುವವನು ತಿಂಗಳುಗಳನ್ನಲ್ಲ, ದಿನಗಳನ್ನು ಎಣಿಸಬೇಕು.

ಹೀಗೆ ಎಣಿಸುವುದಕ್ಕೆ ಒಂದು ಕ್ರಮವಿದೆಯೆಂದು ನಮ್ಮ ವೈದ್ಯರೇ ತಿಳಿಸಿದರು. ಆಲಿಸ್ ವಿಲ್ಲಾಲೊಬೊಸ್ ಎಂಬ ಅಮೆರಿಕದ ಪಶುವೈದ್ಯೆ ೨೦೦೪ರಲ್ಲಿ ರೂಪಿಸಿದ ಅಳತೆಗೋಲು ಅದು. ನೋವು, ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಾಗಿವೆಯೆ ಎಂಬುದು, ಹೀಗೆ ಏಳು ಅಂಶಗಳು. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು ಎಪ್ಪತ್ತರಲ್ಲಿ ಮೂವತ್ತೈದಕ್ಕೆ ಮೇಲಿದ್ದರೆ ಬಾಳು ಸಹ್ಯವಾಗಿದೆಯೆಂದು ಅರ್ಥ. ಅಂಕ ಹಾಕುವುದು ನನ್ನ ಕಸಬು; ಆದರೂ ಆ ಕಾಗದವನ್ನು ತುಂಬಲು ಕೈ ನಡುಗಿತು. ಕೊನೆಗೆ ಅದನ್ನು ನಮ್ಮ ಮನೆಗೆ ಒಗ್ಗಿಸಿಕೊಂಡೆವು. ಗುಂಡನಿಗೆ ಪ್ರಿಯವಾದ ಮೂರು ಸಂಗತಿಗಳು ನಮಗೆ ತಿಳಿದಿದ್ದವು: ಬೆಳಗ್ಗೆ ಹಾಲಿನವನ ಸೈಕಲ್ಲಿನ ಗಂಟೆಗೆ ಗೇಟಿಗೆ ಓಡುವುದು, ನಮ್ಮ ತಾಯಿಯ ಕೈಯಿಂದ ದೋಸೆಯ ಅಂಚು ತಿನ್ನುವುದು, ಸಂಜೆ ನನ್ನೊಡನೆ ಕೆರೆಯ ಏರಿಯವರೆಗೆ ಬರುವುದು. ಈ ಮೂರರಲ್ಲಿ ಒಂದಾದರೂ ನಡೆದ ದಿನ ಕ್ಯಾಲೆಂಡರಿನಲ್ಲಿ ಒಂದು ಸುತ್ತು. ಒಂದೂ ನಡೆಯದ ದಿನ ಒಂದು ಗೆರೆ. ಮಗಳು ಪ್ರತಿ ರಾತ್ರಿ ಗುರುತು ಹಾಕಿದಳು. ಮೊದಲ ವಾರ ಐದು ಸುತ್ತು, ಎರಡನೆಯ ವಾರ ಮೂರು, ಮೂರನೆಯ ವಾರ ಒಂದು. ಆ ಒಂದು ಸುತ್ತು ಕೂಡ ಏಕೆಂದರೆ, ತಾಯಿ ಚಾಚಿದ ದೋಸೆಯ ಚೂರನ್ನು ಅವನು ಮೂಸಿ ನೋಡಿ, ಅವರ ಮುಖ ನೋಡಿ, ಬಾಯಲ್ಲಿ ಇಟ್ಟುಕೊಂಡು ನುಂಗದೆ ಹೊರಗೆ ಬಿಟ್ಟಿದ್ದ. ಅದನ್ನೂ ಸುತ್ತೆಂದೇ ಲೆಕ್ಕ ಹಿಡಿಯಬೇಕೆಂದು ತಾಯಿ ಹಟ ಹಿಡಿದಿದ್ದರು.

ನಾನು ವೈದ್ಯರನ್ನು, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ನಿಮ್ಮ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ? ಅವರು ನೇರವಾಗಿ ಉತ್ತರಿಸಲಿಲ್ಲ. ಬೇಗ ಮಾಡಿದೆವೆಂದು ಮರುಗುವವರನ್ನು ತಾವು ಅಪರೂಪವಾಗಿ ಕಂಡಿದ್ದಾಗಿಯೂ, ತಡಮಾಡಿದೆವೆಂದು ಮರುಗುವವರು ಬಹಳ ಮಂದಿಯೆಂದೂ ಹೇಳಿದರು. ಆ ರಾತ್ರಿ ಮನೆಯಲ್ಲಿ ನಿರ್ಧಾರವಾಯಿತು. ತಾಯಿ, ‘ನಾನು ಹೂಂ ಎನ್ನುವುದಿಲ್ಲ, ಅಡ್ಡ ಬರುವುದೂ ಇಲ್ಲ’ ಎಂದರು.

ಮರುದಿನ ಬೆಳಗ್ಗೆ ವೈದ್ಯರು ಮನೆಗೇ ಬಂದರು. ಈ ಕಾರ್ಯ ಹೇಗೆ ನಡೆಯುತ್ತದೆಂಬುದನ್ನು ತಿಳಿಯದೆಯೇ ಅನೇಕರು ಹೆದರುವುದರಿಂದ ಅದನ್ನಿಷ್ಟು ಹೇಳಬೇಕು. ಮೊದಲು ಮಂಪರಿನ ಮದ್ದು. ಅದರಿಂದ ನಾಯಿ ಹತ್ತು ಹದಿನೈದು ನಿಮಿಷಗಳಲ್ಲಿ ಗಾಢವಾಗಿ ಮಲಗುತ್ತದೆ. ಅನಂತರ ರಕ್ತನಾಳಕ್ಕೆ ಅರಿವಳಿಕೆಯ ಔಷಧಿ. ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಜಾತಿಯದೇ, ಆದರೆ ಪ್ರಮಾಣ ಹಲವು ಪಾಲು ಹೆಚ್ಚು. ಕೆಲವು ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ, ಕೆಲವು ನಿಮಿಷಗಳಲ್ಲಿ ಹೃದಯ. ಕಣ್ಣು ತೆರೆದೇ ಇರುತ್ತದೆ. ಪ್ರಾಣ ಹೋದಮೇಲೂ ಒಮ್ಮೊಮ್ಮೆ ಸ್ನಾಯು ಅದುರುವುದುಂಟು, ಒಂದು ಉಸಿರು ಎಳೆದಂತೆ ಕಾಣುವುದುಂಟು. ಅದು ನೋವಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಹತ್ತಿರ ಯಾರೂ ಇರದಿದ್ದರೆ ಬಹಳ ನಾಯಿಗಳು ತಮ್ಮವರಿಗಾಗಿ ಕಣ್ಣಾಡಿಸುತ್ತವೆಂದೂ ಹೇಳಿದ್ದರು. ಮಗಳು ತಲೆ ಹಿಡಿದುಕೊಂಡಳು, ನನ್ನ ಹೆಂಡತಿ ಬೆನ್ನು ಸವರುತ್ತಿದ್ದಳು. ನಾನು ಕಾಲು ಹಿಡಿದಿದ್ದೆ. ಒಳಗಿದ್ದ ತಾಯಿ ಮಂಪರಿನ ಮದ್ದು ಏರುವ ಹೊತ್ತಿಗೆ ಬಂದು ಅವನ ನಾಲಗೆಗೆ ಒಂದು ತೊಟ್ಟು ಜೇನು ಸವರಿ ಮತ್ತೆ ಒಳಗೆ ಹೋದರು. ಆ ಔಷಧಿಯಿರುವ ದೇಹವನ್ನು ಹದ್ದು ನರಿಗಳು ತಿಂದರೆ ಅವೂ ಸಾಯುತ್ತವಾದ್ದರಿಂದ ಗುಂಡಿಯನ್ನು ಆಳವಾಗಿ ತೋಡಬೇಕು. ಹಿತ್ತಿಲ ಹಲಸಿನ ಮರದಡಿ ನಾಲ್ಕಡಿ ತೋಡಿದೆವು.

ಮಾಡಿದ್ದು ಸರಿಯೆಂಬ ಪೂರ್ಣ ನಿಶ್ಚಯ ಬಂದಿತೇ ಎಂದು ಮಿತ್ರರು ಕೇಳುತ್ತಾರೆ. ಅಂಥ ನಿಶ್ಚಯ ಬರುವತನಕ ಕಾಯುವವರಿಗೆ ಅದು ನಾಯಿಯ ಸಾವಿಗಿಂತ ಮುಂಚೆ ಬಾರದೆಂದೇ ನನ್ನ ಅಭಿಪ್ರಾಯ. ದೊರೆಯುವುದು ಇಷ್ಟು: ಲೆಕ್ಕವನ್ನು ಅದರ ದಿನಗಳಿಂದ ಹಾಕಿದೆವೋ ನಮ್ಮ ದಿನಗಳಿಂದ ಹಾಕಿದೆವೋ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗಿಲ್ಲ ಎಂಬ ಸಮಾಧಾನ. ಬೇರೆ ಮನೆಯವರು ಇದೇ ಲೆಕ್ಕವನ್ನು ಹಾಕಿ, ನೋವು ಸಹ್ಯವಾಗಿರುವುದನ್ನು ಕಂಡು, ಹಗಲಿರುಳು ಕಾದು, ನಾಯಿಯನ್ನು ತಾನಾಗಿ ಹೋಗಗೊಟ್ಟರೆ ಅವರೂ ಧರ್ಮವನ್ನೇ ನಡೆಸಿದವರು. ‘ಇಸು’ ಪ್ರತ್ಯಯದ ಹೊಣೆಯಿಂದ ಅವರೂ ತಪ್ಪಿಸಿಕೊಂಡವರಲ್ಲ. ಬದುಕಿಸುವುದೂ ಪ್ರೇರಣಾರ್ಥಕವೇ ತಾನೆ?

ನಮ್ಮ ತಾಯಿ ಇಂದಿಗೂ ಒಪ್ಪಿಲ್ಲ. ಸಂಜೆ ದೀಪ ಹಚ್ಚಿದಾಗ ಎಂದಿನ ಪ್ರಾರ್ಥನೆಯನ್ನು ಎಂದಿನಂತೆಯೇ ಸಲ್ಲಿಸುತ್ತಾರೆ. ಬೆಳಗಿನ ದೋಸೆಯ ಅಂಚನ್ನು ಮಾತ್ರ ಈಗಲೂ ಮುರಿದು ತಟ್ಟೆಯ ಬದಿಗಿಡುತ್ತಾರೆ. ಅದನ್ನು ಕಾಗೆ ಒಯ್ಯುತ್ತದೆ.